ಅಕ್ಕನ ಅಕ್ಷರಗಳಿದ್ದ ಹಾರ್ಡ್ ಡಿಸ್ಕ್

"ಹಳೆಯ ಡಿಸ್ಕಿನದ್ದೆಲ್ಲ ಬೇಕಾ ಮೇಡಂ?" ಮಣಿಪಾಲದ ಕಂಪ್ಯೂಟರ್ ಅಂಗಡಿಯವರು ಇವತ್ತು ಹೀಗೆ ಕೇಳಿದಾಗ ಕಟಪಾಡಿಯ ನಮ್ಮ ಮನೆ ನೆನಪಾಯಿತು.

ಊರಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರದ ಕಾಲ. ದುಬೈಯ ಮಾಮ ತಂದಿಟ್ಟಿದ್ದ ಒಂದರಲ್ಲಿ ಅಕ್ಕ ತಿಂಗಳುಗಟ್ಟಲೆ ಕೂತು, ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಂ ಬರೆದಿದ್ದಳು. ತನ್ನ ಹೆಸರು ಮೂಡಿದಾಗ ಅಮ್ಮ ಸೆರಗಿನಿಂದ ಪರದೆ ಒರೆಸಿ ನೋಡಿದ್ದರು.

ಮುಂದಿನ ರಜೆಗೆ ಮಾಮ ದೊಡ್ಡ ಹಾರ್ಡ್ ಡಿಸ್ಕ್ ತಂದರು. ತಮ್ಮ ಪ್ರೋಗ್ರಾಂಗಳನ್ನಷ್ಟೇ ಅದಕ್ಕೆ ಹಾಕಿಕೊಂಡು, ಹಳೆಯದನ್ನು ಪೂರ್ತಿ ಅಳಿಸಿಬಿಟ್ಟರು.

"ನನ್ನದು ಅದರಲ್ಲೇ ಇತ್ತಲ್ಲ ಮಾಮ!" ಅಕ್ಕ ಬಿಳಿಚಿಕೊಂಡಳು.

"ಮದುವೆಯಾಗುವ ಹುಡುಗಿಗೆ ಅದೆಲ್ಲ ಎಂತಕ್ಕೆ?" ಮಾಮ ನಕ್ಕರು. ಅಪ್ಪನೂ ನಕ್ಕರು.

ಅಕ್ಕ ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ.

ಇವತ್ತು ಕಾರ್ಕಳದಲ್ಲಿರುವ ಅವಳಿಗೆ ಫೋನ್ ಮಾಡಿ, ಆ ಪ್ರೋಗ್ರಾಂ ನೆನಪುಂಟಾ ಎಂದು ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ" ಎಂದಳು.