ಹದಿನೆಂಟು ಇಂಚಿನ ತೋಳು

ರಂಗಂಪೇಟೆಯ ಮೋನಮ್ಮನವರು ಉಣ್ಣೆ ಹೆಣೆಯುವಾಗ ಒಂದು ಸಾಲು ಮುಗಿದ ಕೂಡಲೇ ಕಡ್ಡಿಗಳನ್ನು ಎಡಗಡೆಗೆ ಚಾಚುತ್ತಾರೆ. ಅಲ್ಲಿ ಯಾರೂ ಇಲ್ಲದಿದ್ದರೂ ಚಾಚುತ್ತಾರೆ. ಕ್ಷಣ ಬಿಟ್ಟು ಕೈ ಹಿಂದಕ್ಕೆ ತಂದು ಮುಂದಿನ ಸಾಲನ್ನು ತಾವೇ ಹೆಣೆಯುತ್ತಾರೆ. ಅವರಿಗೆ ಈಗ ಅರವತ್ತೈದು. ಮೂವತ್ತಾರು ವರ್ಷ ಅಂಗನವಾಡಿ ನಡೆಸಿ ನಿವೃತ್ತರಾದ ಮೇಲೆ, ಪ್ರತಿ ಚಳಿಗಾಲ ಹೆರಿಗೆ ವಾರ್ಡಿನ ಕೂಸುಗಳಿಗೆ ಟೊಪ್ಪಿಗೆ ಹೆಣೆದು ಕೊಡುತ್ತಾರೆ. ಆದರೆ ಕೈ ಚಾಚುವ ಅಭ್ಯಾಸ ಅದಕ್ಕಿಂತ ಹಳೆಯದು. ಅದು ೧೯೭೧ರ ಡಿಸೆಂಬರಿನದು.

ಆಗ ಮೋನಮ್ಮ ಹನ್ನೊಂದು ವರ್ಷದ ಹುಡುಗಿ. ಸುರಪುರದ ಶಾಲೆಯೊಂದರಲ್ಲಿ ಆರನೆಯ ತರಗತಿ. ತಂದೆ ತಾಯಿ ಹೊಲದ ಕೂಲಿಯವರು. ತರಗತಿಯಲ್ಲಿ ಅವಳ ಪಕ್ಕ ಯಾರೂ ಕೂಡುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ವರ್ಷ ತಡವಾಗಿ ಸೇರಿದ ಹುಸೇನಬೀ ಒಳಗೆ ಬಂದವಳೇ ಖಾಲಿ ಜಾಗ ನೋಡಿ ಅಲ್ಲಿ ಕುಳಿತಳು.

"ಸ್ವಲ್ಪ ಸರಿ. ನನ್ನ ಚೀಲಕ್ಕೂ ಜಾಗ ಬೇಕು" ಅಂದಳು. ಗೆಳೆತನ ಶುರುವಾದದ್ದು ಹಾಗೆ.

ಡಿಸೆಂಬರ್ ಮೊದಲ ವಾರ ಪಾಕಿಸ್ತಾನದೊಂದಿಗೆ ಯುದ್ಧ ಶುರುವಾಯಿತು. ಶಾಲೆಯ ಶಿಕ್ಷಕಿ ಅಮೃತಮ್ಮ ಅಕ್ಕೋರು ಗುಲ್ಬರ್ಗಾದಿಂದ ಹಸಿರು ಉಣ್ಣೆಯ ಗಂಟು ತಂದರು. ಹಿಮದಲ್ಲಿ ನಿಂತ ಸೈನಿಕರಿಗೆ ಸ್ವೆಟರ್ ಹೆಣೆದು ಕಳಿಸಬೇಕಿತ್ತು. ಎದೆ, ಬೆನ್ನು ಏಳನೆಯವರಿಗೆ, ತೋಳು ಆರನೆಯವರಿಗೆ. ಇಬ್ಬರಿಗೆ ಒಂದು ಜೊತೆ, ತಲಾ ಒಂದು ತೋಳು. ತೋಳಿನ ಒಳಗೆ ಹೆಣೆದವರ ಹೆಸರಿನ ಚೀಟಿ. ಹೆಣೆಯುವ ಕಡ್ಡಿಗಳು ನಾಲ್ಕೇ ಜೊತೆ ಇದ್ದವು. ಉಳಿದವನ್ನು ಹುಸೇನಬೀಯ ಅಪ್ಪ ಮುಜಫರ ತನ್ನ ಸೈಕಲ್ ಅಂಗಡಿಯಲ್ಲಿ ಮಾಡಿದ. ಹಳೆಯ ಕ್ಯಾರಿಯರುಗಳ ಸರಳು ಕತ್ತರಿಸಿ, ತುದಿಗಳನ್ನು ಅರದಿಂದ ಉಜ್ಜಿ ಕೊಟ್ಟ.

ಮೊದಲ ದಿನವೇ ಗುಮಾಸ್ತರ ಮಗಳು ದೇವಿಕಾ ಕೆಣಕಿದಳು: "ಏ ಹುಸೇನಿ, ಯಾರ ಸಿಪಾಯಿಗೆ ಹೆಣಿಯಾಕತ್ತೀ? ನಿಮ್ಮವರಿಗೇನು?"

"ಹೌದು, ನಮ್ಮವರಿಗೇ. ನಿಮ್ಮ ಅಣ್ಣಗಂತೂ ಅಲ್ಲ. ಅವನ ಹೊಟ್ಟಿಗೆ ಈ ಗಂಟು ಸಾಲಂಗಿಲ್ಲ."

ಎಲ್ಲರೂ ನಕ್ಕರು. ದೇವಿಕಾ ನಗಲಿಲ್ಲ.

ಎಂಟು ದಿನದಲ್ಲಿ ತೋಳುಗಳು ಮುಗಿದವು. ಇಬ್ಬರೂ ಹೆಣೆದದ್ದು ನೂರ ಹತ್ತು ಸಾಲು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಕ್ಕೋರು ಟೇಪು ಹಿಡಿದರು. ಬೇಕಾದದ್ದು ಹದಿನೆಂಟು ಇಂಚು. ಮೋನಮ್ಮನ ಕೈ ಬಿಗಿ, ಅವಳ ತೋಳು ಹದಿನೇಳು ಬಂತು. ಹುಸೇನಬೀಯ ಕೈ ಸಡಿಲ, ಅವಳದು ಹತ್ತೊಂಬತ್ತು.

"ಸಾಲು ಹೆಚ್ಚು ಕಡಿಮಿ ಮಾಡಿದ್ರೂ ಅಗಲ ಹೊಂದಂಗಿಲ್ಲ. ಎರಡೂ ಒಬ್ಬಾಕಿ ಕೈಲೇ ಆಗಬೇಕು. ಇಲ್ಲಂದ್ರ ಸಿಪಾಯಿಗೆ ಒಂದು ಕೈ ಗಿಡ್ಡ, ಒಂದು ಉದ್ದ ಅಂತಾರ. ಒಬ್ಬರದು ಬಿಚ್ಚಬೇಕವ್ವಾ" ಅಂದರು ಅಕ್ಕೋರು.

"ಹುಸೇನಬೀದು ಬಿಚ್ಚಿಸ್ರಿ ಅಕ್ಕೋರೇ" ಎಂದಳು ದೇವಿಕಾ. "ಯುದ್ಧ ಯಾರ ಜೋಡಿ ನಡದದ? ಬೇಕಂತಲೇ ಉದ್ದ ಹೆಣದಾಳ ಆಕಿ."

ಅಕ್ಕೋರು ಅವಳನ್ನು ಗದರಿಸಿದರು. ಆದರೆ ಮೂಲೆಮೂಲೆಯಿಂದ ಅದೇ ಮಾತು ಬಂತು, ಹುಸೇನಬೀದು, ಹುಸೇನಬೀದು ಎಂದು. ತೋಳು ಬಿಚ್ಚಿದರೆ ಚೀಟಿಯಿಂದ ಹೆಸರೂ ಹೋಗುತ್ತಿತ್ತು. ಹುಸೇನಬೀ ಮೋನಮ್ಮನ ಮುಖ ನೋಡಿದಳು.

ಮೋನಮ್ಮನ ಕೇರಿಯಿಂದ ಯಾರ ಹೆಸರೂ ಅಷ್ಟು ದೂರ ಹೋಗಿರಲಿಲ್ಲ. ಬಾಯಿ ತೆರೆದರೆ ತನ್ನದನ್ನೇ ಬಿಚ್ಚಿಸಿಬಿಟ್ಟಾರು ಎಂದು ಅವಳು ತಲೆ ಬಗ್ಗಿಸಿ ಕುಳಿತಳು. ಹುಸೇನಬೀ ಎಳೆ ಹಿಡಿದು ಎಳೆದಳು. ಎಂಟು ದಿನದ ಕೆಲಸ ಸ್ವಲ್ಪ ಹೊತ್ತಿನಲ್ಲಿ ಉಂಡೆಯಾಯಿತು. ಉಂಡೆಯನ್ನು ಮೋನಮ್ಮನ ಮುಂದಿಟ್ಟು, ಚೀಲ ಎತ್ತಿಕೊಂಡು ಹೊರಗೆ ಹೋದಳು.

"ನಾ ಸುಮ್ಮ ಕುಂತೆ ನೋಡ್ರಿ, ಅದೇ ತಪ್ಪಾತು" ಎನ್ನುತ್ತಾರೆ ಮೋನಮ್ಮನವರು ಇಂದಿಗೂ. "ಆಕಿ ಬೈದಿದ್ರ ಹಗುರ ಆಗ್ತಿತ್ತು."

ಮರುದಿನ ಹುಸೇನಬೀ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡನೆಯ ತೋಳು ಹೆಣೆಯಲು ಮೋನಮ್ಮನಿಗೆ ಕೈ ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಾಯಿ ಮತ್ತು ಪಕ್ಕದ ಮನೆಯ ಮಲ್ಲಿಕಮ್ಮ ಎದುರುಬದುರು ಕುಳಿತು ಜೋಳ ಬೀಸುತ್ತಿದ್ದರು. ತಾಯಿಯ ಎಳೆತ ಜೋರು, ಮಲ್ಲಿಕಮ್ಮನದು ಮೆಲ್ಲಗೆ. ಬೀಸುಕಲ್ಲಿನ ಗೂಟ ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ತಡೆಯಿಲ್ಲದೆ ಸುತ್ತುತ್ತಿತ್ತು. ಮೋನಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಉಣ್ಣೆಯ ಚೀಲ ಹಿಡಿದು ಸೈಕಲ್ ಅಂಗಡಿಗೆ ಓಡಿದಳು.

ಹುಸೇನಬೀ ಪಂಕ್ಚರ್ ನೋಡುವ ನೀರಿನ ಬೋಗುಣಿಯ ಹತ್ತಿರ ಕುಳಿತಿದ್ದಳು. ತಿರುಗಿಯೂ ನೋಡಲಿಲ್ಲ. ಮೋನಮ್ಮ ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ತನ್ನ ಹದಿನೇಳು ಇಂಚಿನ ತೋಳನ್ನು ತೆಗೆದು ಎಳೆ ಎಳೆಯತೊಡಗಿದಳು.

"ಏ ಹುಚ್ಚಿ! ಏನ್ ಮಾಡಾಕತ್ತೀ?"

"ನಂದೂ ಬಿಚ್ಚಾಕತ್ತೇನಿ. ಒಂದು ಸಾಲು ನಾ ಹೆಣಿತೀನಿ, ಒಂದು ಸಾಲು ನೀ ಹೆಣಿ. ಎರಡೂ ತೋಳು ಹಂಗೇ."

ಹುಸೇನಬೀ ಬಿಚ್ಚಿದ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ಯಾಕ ಸುಮ್ಮ ಕುಂತಿ?"

"ಹೆದರಿದ್ದೆ."

"ನಾನೂ ಹೆದರಿದ್ದೆ" ಎಂದಳು ಹುಸೇನಬೀ, ಕಡ್ಡಿಗೆ ಕೈ ಚಾಚಿ.

ಮುಜಫರ ಟೈರು ಕಳಚುತ್ತಿದ್ದವನು ಎದ್ದು ಒಳಗೆ ಹೋಗಿ ಇಬ್ಬರಿಗೂ ಚಹಾ ತಂದಿಟ್ಟ.

ಲೆಕ್ಕ ಸರಳವಾಗಿದೆ: ಐವತ್ತೈದು ಬಿಗಿ ಸಾಲು, ಐವತ್ತೈದು ಸಡಿಲ ಸಾಲು. ಹದಿನೇಳು ಮತ್ತು ಹತ್ತೊಂಬತ್ತರ ನಡುವೆ ಹದಿನೆಂಟು. ಆ ಹುಡುಗಿಯರಿಗೆ ಸರಾಸರಿಯ ಪಾಠ ಇನ್ನೂ ಆಗಿರಲಿಲ್ಲ.

ತೋಳುಗಳು ಮುಗಿಯುವ ಮೊದಲೇ ಯುದ್ಧ ಮುಗಿಯಿತು. ಆದರೂ ಅಕ್ಕೋರು ಟೇಪು ಹಿಡಿದರು. ಎರಡೂ ತೋಳು ಹದಿನೆಂಟು.

"ಇದರಾಗ ಯಾರದು ಯಾವುದು?" ಎಂದು ಕೇಳಿದರು.

"ಗೊತ್ತಾಗಂಗಿಲ್ರಿ" ಎಂದಳು ಮೋನಮ್ಮ, ಈ ಸಲ ಎದ್ದು ನಿಂತು. "ಆಕಿದು ಬಿಚ್ಚಿದ್ರ ನಂದೂ ಬಿಚ್ಚತದ."

ಅಕ್ಕೋರು ಚೀಟಿಯ ಮೇಲೆ ಎರಡೂ ಹೆಸರು ಬರೆದರು.

"ಯುದ್ಧ ಮುಗಿದೈತಲ್ಲ ಅಕ್ಕೋರೇ, ಇನ್ನ್ಯಾಕ ಕಳಸ್ತೀರಿ?" ಎಂದಳು ದೇವಿಕಾ.

"ಚಳಿ ಮುಗದಿಲ್ಲವ್ವಾ" ಎಂದು ಅಕ್ಕೋರು ಗಂಟು ಕಟ್ಟಿದರು.

ಆ ಸ್ವೆಟರ್ ಯಾರಿಗೆ ಸೇರಿತೋ ತಿಳಿಯಲಿಲ್ಲ. ಮೋನಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಅಂಗನವಾಡಿ ಸೇರಿದರು. ಹುಸೇನಬೀ ಮದುವೆಯಾಗಿ ಶಹಾಪುರಕ್ಕೆ ಹೋದರು. ಮೊದಲು ವರ್ಷಕ್ಕೊಮ್ಮೆ ಭೇಟಿಯಾಗುತ್ತಿದ್ದವರು, ಮಕ್ಕಳು ದೊಡ್ಡವರಾದ ಮೇಲೆ ವಾರಕ್ಕೊಮ್ಮೆ ಕೂಡತೊಡಗಿದರು. ಈಗ ಗುರುವಾರ ಹತ್ತರ ಬಸ್ಸಿಗೆ ಹುಸೇನಬೀ ಬರುತ್ತಾರೆ.

ಕಳೆದ ಗುರುವಾರ ಬಸ್ಸು ತಡವಾಗಿತ್ತು. ಮೋನಮ್ಮನವರು ಕಟ್ಟೆಯ ಮೇಲೆ ಒಬ್ಬರೇ ಕುಳಿತು ಹೆಣೆಯುತ್ತಿದ್ದರು. ಒಂದೊಂದು ಸಾಲು ಮುಗಿದಾಗಲೂ ಕೈ ಎಡಕ್ಕೆ ಹೋಗಿ ಬರುತ್ತಿತ್ತು. ಆರನೆಯ ಸಲ ಕಡ್ಡಿ ಹಿಂದಕ್ಕೆ ಬರಲಿಲ್ಲ. ಹುಸೇನಬೀ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಳಿತಾಗಿತ್ತು.

"ಎಷ್ಟು ಬಿಗಿ ಹೆಣದೀಯೇ ಮೋನಿ! ಕೂಸಿನ ತಲಿ ಏನು ಸೈಕಲ್ ನಟ್ಟೇನು?"

"ಅದಕ್ಕೇ ಕಾಯಾಕತ್ತೇನಿ" ಎಂದರು ಮೋನಮ್ಮ. "ಮಾತು ಸಾಕು, ನಿನ್ನ ಸಾಲು ಹೆಣಿ."