ಕೊಸರಾಡದೆ ಕೊಂಡ ಕೌದಿ

ಈ ಕೌದಿಗೆ ನಾನು ಕೊಟ್ಟದ್ದು ಎರಡು ಸಾವಿರದ ಆರುನೂರು ರೂಪಾಯಿ. ಹೇಳಿದ ಬೆಲೆ ಎರಡು ಸಾವಿರದ ಆರುನೂರು, ಕೊಟ್ಟದ್ದೂ ಅಷ್ಟೇ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಬನಹಟ್ಟಿ ಸಂತೆಯಲ್ಲಿ ಬದನೆಕಾಯಿಯ ತೊಟ್ಟಿನ ತೂಕ ಕಳೆದು ದುಡ್ಡು ಕೊಡುತ್ತೇನೆಂದು ಹಟ ಹಿಡಿದವಳು ನಾನು. ಜಮಖಂಡಿಯಲ್ಲಿ ಹಲ್ಲು ಕೀಳಿಸಲು ಹೋದಾಗ, ಹಲ್ಲು ಮೊದಲೇ ಅಲ್ಲಾಡುತ್ತಿತ್ತು, ನಿಮಗೆ ಅರ್ಧ ಕೆಲಸ ಉಳಿಯಿತಲ್ಲ ಎಂದು ವಾದಿಸಿ ಐವತ್ತು ರೂಪಾಯಿ ಇಳಿಸಿಕೊಂಡು ಬಂದವಳು. ಅಂಥವಳು ಒಂದು ಪೈಸೆ ಕೊಸರಾಡದೆ ಕೊಂಡ ಒಂದೇ ಒಂದು ವಸ್ತು ಇದು. ಯಾಕೆ ಎಂದು ಹೇಳುತ್ತೇನೆ, ಕೂತು ಕೇಳಿ.

ಇವತ್ತು ಬೆಳಿಗ್ಗೆ ಅದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ಬಿಸಿಲು ಏರಿದಂತೆ ಹಳೆಯ ಗಂಜಿಯ ವಾಸನೆ ಎದ್ದಿತು. ನಡುವೆ ಒಂದು ಹಸಿರು ತುಂಡು ಇದೆ. ಅದರಲ್ಲಿ ಬೆರಳಗಲದ ಬಿಳಿ ಗೆರೆ, ಮಗ್ಗದಲ್ಲಿ ನೂಲು ಕಡಿದು ಆದ ಐಬು. ಅಂಥ ಸೀರೆಯನ್ನು ನಾವು ಡ್ಯಾಮೇಜ್ ಎಂದು ಮೂಲೆಗೆ ಒಗೆಯುತ್ತೇವೆ. ಆ ಮೂಲೆಯಿಂದಲೇ ಈ ಕಥೆ ಎದ್ದು ಬಂದದ್ದು.

ನಾನು ಸೀರೆಯ ಗಂಟು ಹೊತ್ತು ಮೇಲೆ ಬಂದವಳು. ಬನಹಟ್ಟಿಯಲ್ಲಿ ಬೆಳಗಿನ ಬಸ್ಸು ಹತ್ತಿದರೆ ಮುಧೋಳ, ಬೀಳಗಿ, ಜಮಖಂಡಿಯ ಓಣಿಗಳನ್ನು ಸುತ್ತಿ ದೀಪ ಹಚ್ಚುವ ಹೊತ್ತಿಗೆ ಮನೆ. ಕಂತಿನ ಮೇಲೆ ಸೀರೆ. ಪ್ರತಿ ಸೀರೆಯ ಜೊತೆ ಅಂಗಡಿಯ ಹೆಸರು, ವಿಳಾಸ ಅಚ್ಚು ಹಾಕಿಸಿದ ಬಟ್ಟೆಯ ಚೀಲ ಪುಕ್ಕಟೆ. ಚೀಲದ ಖರ್ಚನ್ನು ಸೀರೆಯ ಬೆಲೆಯಲ್ಲೇ ಸೇರಿಸಿರುತ್ತಿದ್ದೆ, ಅದು ಬೇರೆ ಮಾತು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಲು ಹೋದರೆ, ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಅದೇ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬೀಳಗಿ ಕಡೆಯ ಹಳ್ಳಿಯ ಸುವರ್ಣಾ. ಎಷ್ಟೋ ವರ್ಷದ ಹಿಂದೆ ಅವಳ ಗಂಡನ ಮನೆಯ ಕಟ್ಟೆಯ ಮೇಲೆ ಕೂತು ಸಾಸಿವೆ ಬಣ್ಣದ ಸೀರೆಯೊಂದನ್ನು ಅವಳಿಗೆ ಮಾರಿದ್ದೆ.

"ಕೈಗೆ ಏನಾತ ಬೇ?"

"ಗಂಡ ಬಾಗಲಾ ಹಾಕಿದರಿ. ಕೈ ನಡಕ ಇತ್ತು." ಹವಾಮಾನ ಹೇಳುವವಳ ಹಾಗೆ ಹೇಳಿದಳು.

"ತವರಮನಿ ರನ್ನ ಬೆಳಗಲ್ಯಾಗ ಅಲ್ಲೇನ? ಅಲ್ಲಿಗಿ ಹೋಗಬಾರದ?"

"ನಾಕ ಸಲ ಹೋದೆರಿ ಅಕ್ಕಾರ. ನಾಕೂ ಸಲ ಅಣ್ಣ ತಿರುಗಿ ಗಂಡನ ಮನಿಗೇ ಬಿಟ್ಟ ಬಂದ. ಮತ್ತೆಲ್ಲಿಗಿ ಹೋಗೂದು ಅಂತ ನೋಡಿದರ ಈ ಚೀಲದ ಮ್ಯಾಲ ನಿಮ್ಮ ವಿಳಾಸ ಇತ್ತು."

ಕೈಯಲ್ಲಿ ಒಂದು ರೂಪಾಯಿ ಇರಲಿಲ್ಲ. ಆಧಾರ್ ಕಾರ್ಡು ಇತ್ತು. ಹೆಂಗಸರಿಗೆ ಬಸ್ಸು ಬಿಟ್ಟಿ ಆದದ್ದರಿಂದ ಮುಧೋಳದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಚೀಲ ಹಂಚುವಾಗ ಗಿರಾಕಿ ಬರಲಿ ಎಂದು ಹಂಚಿದ್ದೆ. ಇಂಥ ಗಿರಾಕಿ ಬರುತ್ತಾಳೆಂದು ಯಾರಿಗೆ ಗೊತ್ತಿತ್ತು!

ಮೊದಲು ದವಾಖಾನೆಗೆ ಕರೆದೊಯ್ದೆ. ಬಚ್ಚಲಲ್ಲಿ ಜಾರಿ ಬಿದ್ದಳೆಂದು ಬರೆಯಬೇಡಿ, ಆದದ್ದನ್ನೇ ಬರೆಯಿರಿ ಎಂದು ಡಾಕ್ಟರರ ಮುಂದೆ ನಿಂತೆ. ಆಮೇಲೆ ಪೊಲೀಸ್ ಠಾಣೆ. ದೂರಿನ ಪ್ರತಿ ಕೈಗೆ ಬರುವವರೆಗೆ ಬೆಂಚು ಬಿಟ್ಟು ಏಳಲಿಲ್ಲ. ಕೂತು ಸಾಧಿಸುವುದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಜಾಗವಾಯಿತು.

ಓಣಿಯ ಮಂದಿಗೆಲ್ಲ ಒಂದೇ ಸಲಹೆ, "ಹೊಲಿಗಿ ಮಷೀನ ಕೊಡಸ್ರಿ." ನಮ್ಮಲ್ಲಿ ಕಷ್ಟದ ಹೆಂಗಸು ಕಂಡರೆ ಸಾಕು, ಹೊಲಿಗೆ ಯಂತ್ರ ಕೊಡಿಸಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವಳಿಗೆ ಹೊಲಿಯಲು ಬರುತ್ತದೋ ಇಲ್ಲವೋ ಎಂದು ಕೇಳುವವರಿಲ್ಲ. ನಾನು ಕೇಳಿದೆ. "ಮಷೀನ ಬರಂಗಿಲ್ರಿ. ಕೌದಿ ಹೊಲೀತೇನಿ, ನಮ್ಮವ್ವ ಕಲಿಸ್ಯಾಳ," ಎಂದಳು. ನನ್ನ ಮೂಲೆಯಲ್ಲಿ ಡ್ಯಾಮೇಜ್ ಸೀರೆಯ ರಾಶಿ ಬಿದ್ದಿತ್ತು. ಕೈ ಕೂಡಿದ ಮೇಲೆ ಸೂಜಿ ಹಿಡಿದಳು. ಆಹಾ, ಆ ಹೊಲಿಗೆ! ಇರುವೆ ಸಾಲು ಹಿಡಿದು ಹೊರಟ ಹಾಗೆ.

ಮೊದಲ ಗಿರಾಕಿ ಜಮಖಂಡಿಯ ಶಾಲೆಯೊಂದರ ಶಿಕ್ಷಕಿ. ತಮ್ಮ ತಾಯಿಯ ಹಳೆಯ ಸೀರೆಗಳನ್ನು ತಂದುಕೊಟ್ಟರು. ಹದಿನೆಂಟು ದಿನದ ಕೆಲಸ. ಕೌದಿ ಕೈಗೆ ಬಂದಾಗ ಆ ಬಾಯಾರು, "ಎಷ್ಟವಾ?" ಎಂದರು. ಸುವರ್ಣಾ ನೆಲ ನೋಡುತ್ತ, "ನೀವ ತಿಳದ ಕೊಡ್ರಿ," ಎಂದಳು.

ಅವರು ಮುನ್ನೂರು ರೂಪಾಯಿ ತಿಳಿದು ಕೊಟ್ಟರು.

ಅವರು ಹೋದ ಮೇಲೆ ನಾನು ಹಾರಾಡಿಬಿಟ್ಟೆ. ಹದಿನೆಂಟು ದಿನಕ್ಕೆ ಮುನ್ನೂರು! ಬಾಯಿಲ್ಲವೇನು ನಿನಗೆ! ಹಾರಾಡುತ್ತಿರುವಾಗಲೇ ಒಳಗೆಲ್ಲೋ ಚುಚ್ಚಿತು. ನನ್ನ ಸೀರೆಗಳ ಸೆರಗಿಗೆ ಗೊಂಡೆ ಕಟ್ಟಿಕೊಡುವ ಹೆಂಗಸರು ಈ ಓಣಿಯಲ್ಲೇ ಆರೇಳು ಮಂದಿ ಇದ್ದಾರೆ. "ಎಷ್ಟ ಕೊಡಲಿ?" ಎಂದು ಕೇಳಿದರೆ ಅವರೂ ಹೇಳುವುದು ಇದೇ ಮಾತು. ನಾನೂ ವರ್ಷಗಟ್ಟಲೆ ತಿಳಿದೇ ಕೊಟ್ಟಿದ್ದೇನೆ. ನನ್ನ ಮನೆಯ ಮೇಲಿನ ಅಂತಸ್ತು ಆ ಒಂದು ಮಾತಿನಿಂದ ಎದ್ದದ್ದು. ಅದನ್ನು ಅವತ್ತು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಮರುದಿನದಿಂದ ಪಾಠ ಶುರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೇ ಗಿರಾಕಿಯಾಗಿ ಕನ್ನಡಕ ಏರಿಸಿ ಕೂರುತ್ತಿದ್ದೆ.

"ಎಷ್ಟ ಈ ಕೌದಿಗೆ?"

"ಎರಡ ಸಾವಿರರಿ... ಇಲ್ಲಂದ್ರ ಒಂದೂವರಿ... ಹೋಗ್ಲಿ ಬಿಡ್ರಿ, ಎಂಟನೂರ ಕೊಡ್ರಿ."

"ಅಯ್ಯ ನಿನ್ನ! ನಾ ಇನ್ನೂ ಬಾಯಿ ತೆರದಿಲ್ಲ, ನಿನ್ನ ಸಂಗಾಟ ನೀನ ಚೌಕಾಸಿ ಮಾಡಾಕತ್ತೀಯಲ್ಲ!"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಹೇಳಿದಳು, "ಏನ ಮಾಡೂದರಿ ಅಕ್ಕಾರ. ಆ ಮನ್ಯಾಗ ಏನ ಕೇಳಿದರೂ ಮೊದಲ ಅವರ ಮಾರಿ ನೋಡಿ, ಆಮ್ಯಾಲ ಉತ್ತರಾ ಕೊಡತಿದ್ದೆ. ನಿಮ್ಮ ಹುಬ್ಬ ಸ್ವಲ್ಪ ಏರಿತರಿ. ರೇಟ ತಾನ ಇಳೀತು."

ಅಂದಿನಿಂದ ಅವಳನ್ನು ಗೋಡೆಯ ಕಡೆ ಮುಖ ಮಾಡಿಸಿ ಬೆಲೆ ಹೇಳಿಸಿದೆ. ಗೋಡೆಗೆ ಹುಬ್ಬಿಲ್ಲ. ತಿಂಗಳೊಪ್ಪತ್ತು ಹೀಗೆ ನಡೆಯಿತು. ಆಮೇಲೆ ಮುಧೋಳದ ಗಿರಾಕಿಯೊಬ್ಬರಿಗೆ ಸಾವಿರದ ಎಂಟುನೂರು ಎಂದಳು. ಧ್ವನಿ ನಡುಗಿತು, ಬೆಲೆ ನಡುಗಲಿಲ್ಲ. ಅವರು ಕೊಟ್ಟರು.

ಇಲ್ಲಿ ನನ್ನ ಜಾಣತನ ನೋಡಿ. ದುಡ್ಡು ಸುರಕ್ಷಿತವಾಗಿರಲಿ ಎಂದು ಅವಳ ಚೀಲದಲ್ಲಿದ್ದ ಹಳೆಯ ಪಾಸ್‌ಬುಕ್ಕಿನ ಖಾತೆಗೆ ಅವಳನ್ನು ಕೇಳದೆಯೇ ಹಾಕಿಸಿದೆ. ಆ ಖಾತೆಗೆ ಕೊಟ್ಟಿದ್ದ ಫೋನ್ ನಂಬರು ಗಂಡನದು. ಹಣ ಬಿದ್ದ ಸುದ್ದಿ, ಯಾವ ಊರಿನಿಂದ ಬಿತ್ತೆಂಬುದೂ ಸೇರಿ, ಅವನ ಕಿಸೆಯಲ್ಲಿ ಕಿಣಿಕಿಣಿ ಎಂದಿತು. ಮೂರನೆಯ ದಿನ ಅಂಗಡಿಯ ಮುಂದೆ ಜೀಪು.

ಗಂಡ, ಅವನ ಕಾಕಾ, ಊರಿನ ಇಬ್ಬರು ಹಿರಿಯರು. ಗಂಡ ಮೆತ್ತಗೆ ಕೂತಿದ್ದ. ಮಾತೆಲ್ಲ ಕಾಕಾನದು. "ಸಂಸಾರ ಅಂದ ಮ್ಯಾಲ ಒಂದ ಮಾತ ಬರತೈತಿ, ಒಂದ ಹೋಗತೈತಿ. ನೀವ ತಿಳದವರು ಅಕ್ಕಾರ, ಒಂದ ತೀರ್ಮಾನಕ್ಕ ಬರೂಣ. ನೀವ ಹೇಳ್ರಿ."

ನೀವೇ ಹೇಳಿ ಎಂದರೆ ನನ್ನ ನಾಲಗೆ ಸುಮ್ಮನಿರುವುದುಂಟೆ? ಎದುರಿಗೆ ಕೂತವರು ಮಾತಿಗಿಳಿದರೆ ಬೆಲೆ ಏರಿಸುವುದು ನನ್ನ ರಕ್ತದಲ್ಲಿದೆ. ಬೇರೆ ಮನೆ ಮಾಡಬೇಕು ಎಂದೆ, ಒಪ್ಪಿದರು. ಕುಡಿತ ಬಿಡಬೇಕು ಎಂದೆ, ಆಣೆ ಮಾಡಿಸುತ್ತೇವೆ ಎಂದರು. ಒಂದೆಕರೆ ಹೊಲ ಅವಳ ಹೆಸರಿಗೆ ಎಂದೆ. ಕಾಕಾ ಗಡ್ಡ ಕೆರೆದು, "ಆತು, ಅರ್ಧ ಎಕರೆ," ಎಂದ. ಮುಕ್ಕಾಲು ಎಂದೆ. ಅದಕ್ಕೂ ಹೂಂ ಎಂದ! ಇಂಥ ವ್ಯಾಪಾರ ನನ್ನ ಜನ್ಮದಲ್ಲಿ ಕುದುರಿರಲಿಲ್ಲ. ಬಾಂಡ್ ಪೇಪರ್ ತರಿಸುವ ಮಾತು ಎತ್ತಿದ್ದೆ.

ಹಿಂದಿನ ಕೋಣೆಯ ಪರದೆ ಸರಿಯಿತು. ಸುವರ್ಣಾ ಸೂಜಿದಾರ ಕೈಯಲ್ಲೇ ಹಿಡಿದು ಬಂದು ನಿಂತಳು.

"ಅಕ್ಕಾರ, ಯಾರ ಮಾಲ ಮಾರಾಕತ್ತೀರಿ?"



ಅವಳು ಕಾಕಾನ ಕಡೆ ತಿರುಗಿದಳು. ಗೋಡೆ ನೋಡಲಿಲ್ಲ, ಮುಖವನ್ನೇ ನೋಡಿದಳು. "ನಾ ಬರಂಗಿಲ್ಲ ಕಾಕಾ. ಹೊಲಾ ಕೊಟ್ರೂ ಇಲ್ಲ, ಬಂಗಾರ ಕೊಟ್ರೂ ಇಲ್ಲ. ಇದರಾಗ ಹೆಚ್ಚಿಲ್ಲ, ಕಡಿಮಿ ಇಲ್ಲ. ಕೇಸ ಹಾಕೇನಿ, ಏನಿದ್ರೂ ಕೋರ್ಟಿನ್ಯಾಗ ಮಾತಾಡೂಣ."

ಗಂಡ ಆಗ ಮೇಲೆದ್ದ. ಮೆತ್ತಗಿದ್ದ ಮುಖದ ಹುಬ್ಬು ಏರಿತು. "ಏನಂದೆಲೇ?"

ಅವಳು ಕದಲಲಿಲ್ಲ. "ಹೇಳಿದೆ. ಒಮ್ಮಿ ಹೇಳೂದು."

ಅಷ್ಟರಲ್ಲಿ ನನಗೂ ಬುದ್ಧಿ ಬಂದಿತ್ತು. ಬಟ್ಟೆ ಅಳೆಯುವ ಎರಡು ಮೊಳದ ಕಬ್ಬಿಣದ ಗಜಪಟ್ಟಿ ಕೈಗೆತ್ತಿಕೊಂಡು ಅವಳ ಪಕ್ಕದಲ್ಲಿ ನಿಂತೆ. ಗೊಂಡೆ ಕಟ್ಟಿದ ಸೀರೆ ಕೊಡಲು ಬಂದಿದ್ದ ನಾಲ್ಕು ಹೆಂಗಸರೂ ಎದ್ದು ಬಾಗಿಲಲ್ಲಿ ನಿಂತರು. ಜೀಪು ಬಂದ ದಾರಿಯಲ್ಲೇ ಹೋಯಿತು. ಮತ್ತೆ ಬರಲಿಲ್ಲವೆಂದಲ್ಲ, ಎರಡು ಸಲ ಬಂತು. ಎರಡು ಸಲವೂ ಠಾಣೆಗೆ ಫೋನು ಹೋಯಿತು. ಆಮೇಲೆ ಬರಲಿಲ್ಲ.

ಈಗ ಸುವರ್ಣಾ ರಬಕವಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ಬಾಡಿಗೆ ಕರಾರು ಅವಳ ಹೆಸರಿನಲ್ಲಿದೆ, ಎರಡೂ ಬೀಗದಕೈಗಳು ಅವಳ ಹತ್ತಿರವೇ ಇವೆ. ಅವಳಂತೆಯೇ ಮನೆ ಬಿಟ್ಟು ಬಂದ ಇಬ್ಬರು ಅವಳ ಜೊತೆ ಕೌದಿ ಹೊಲಿಯುತ್ತಾರೆ. ಬೆಲೆ ಹೇಳಲು ಗೋಡೆಯ ಮುಂದೆ ನಿಲ್ಲಿಸಿಯೇ ಕಲಿಸಿದ್ದಾಳಂತೆ.

ಕಳೆದ ಚಳಿಗಾಲದಲ್ಲಿ ನನ್ನದೇ ಡ್ಯಾಮೇಜ್ ಸೀರೆಗಳ ಈ ಕೌದಿ ಹೊತ್ತು ಬಂದಳು. ಹಳೆಯ ಉಪಕಾರ, ಬಿಟ್ಟಿಯೇ ಇರಬಹುದು ಎಂದು ನನ್ನ ಮನಸ್ಸು ಆಸೆಪಟ್ಟಿತು, ಸುಳ್ಳೇಕೆ ಹೇಳಲಿ. "ಎಷ್ಟ ಬೇ?" ಎಂದೆ.

"ಎರಡ ಸಾವಿರದ ಆರನೂರ."

"ಸೀರಿ ನನ್ನವಲ್ಲೇನ?"

"ಅದಕ್ಕ ಎರಡ ಸಾವಿರದ ಆರನೂರ. ಇಲ್ಲಂದ್ರ ಮೂರ ಸಾವಿರ ಇತ್ತು."

ನಾನು ಬೇಕೆಂತಲೇ ಹುಬ್ಬು ಏರಿಸಿದೆ. ಅವಳು ನನ್ನ ಹುಬ್ಬನ್ನೇ ನೋಡುತ್ತ ನಿಂತಳು. ಬೆಲೆ ಇಳಿಯಲಿಲ್ಲ. ಕೊಟ್ಟೆ. ಮರುದಿನ ಅಂಗಡಿಯ ಗೋಡೆಯ ಮೇಲೆ, ಗೊಂಡೆ ಕಟ್ಟುವ ಹೆಂಗಸರೇ ಕೂತು ಹೇಳಿದ ದರವನ್ನು ಬಣ್ಣದಲ್ಲಿ ಬರೆಸಿದೆ. ಬರೆಯುವವನ ಕೂಲಿಯಲ್ಲಿ ಮಾತ್ರ ಐವತ್ತು ಇಳಿಸಿದೆ. ಪೂರಾ ಕೆಟ್ಟುಹೋಗಬಾರದಲ್ಲ.

ಬಿಸಿಲು ಇಳಿಯುತ್ತಿದೆ, ಕೌದಿ ಮಡಚಬೇಕು. ಅದಕ್ಕೂ ಮುಂಚೆ, ಕೇಳದಿದ್ದರೂ ಸಲಹೆ ಕೊಡುವವಳು ನಾನು, ಕೇಳಿಸಿಕೊಳ್ಳಿ. ನಿಮ್ಮ ಮೆಟ್ಟಿಲ ಮೇಲೂ ಒಬ್ಬಳು ಬಂದು ಕೂತಾಳು. ಮೊದಲು ಅವಳ ಹೆಸರಿನಲ್ಲೇ ಹೊಸ ಸಿಮ್ ಕೊಡಿಸಿ, ಆ ನಂಬರಿನ ಮೇಲೆ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆಗೆಸಿ. ಹಳೆಯ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ನಾನು ಹಾಕಿ ಅದರ ಫಲ ಉಂಡಿದ್ದೇನೆ. ದವಾಖಾನೆಯ ಚೀಟಿ, ದೂರಿನ ಪ್ರತಿ ಎರಡನ್ನೂ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ನಿಮ್ಮಲ್ಲಿಡಿ. ಮಷೀನು ಕೊಡಿಸುವ ಮುಂಚೆ ಏನು ಬರುತ್ತದೆಂದು ಕೇಳಿ. ಅವಳ ಪರವಾಗಿ ಯಾರ ಜೊತೆಗೂ ವ್ಯವಹಾರ ಕುದುರಿಸಲು ಹೋಗಬೇಡಿ. ಇನ್ನು ಅವಳ ಕೈಕೆಲಸಕ್ಕೆ ನೀವೇ ಗಿರಾಕಿಯಾದಾಗ, ಅವಳು ನೆಲ ನೋಡಿ "ತಿಳದ ಕೊಡ್ರಿ" ಎಂದರೆ ಕೊಡಬೇಡಿ. ಚಹಾ ತರಿಸಿ, ಅವಳ ಬಾಯಿಂದ ಒಂದು ಬೆಲೆ ಬರುವವರೆಗೆ ಕೂತಿರಿ. ಬಂದ ಮೇಲೆ ಎಣಿಸಿ ಕೊಡಿ. ಆಮೇಲೂ ನಾಲಗೆ ತುರಿಸುತ್ತಿದ್ದರೆ, ಸಂತೆಯಲ್ಲಿ ಬದನೆಕಾಯಿ ಇವೆ. ತೊಟ್ಟು ದೊಡ್ಡದಾಗಿರುತ್ತದೆ, ನೋಡಿ ಕೊಸರಾಡಿ.