ಪಕ್ಕದ ಮನೆಯಲ್ಲಿ ಕೂಗು ಕೇಳದ ಭಾನುವಾರ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೂ ಕಿರುಚಲಿಲ್ಲ. ನನಗೆ ಗಾಬರಿಯಾಯಿತು.

ವಿಚಿತ್ರ ಅನ್ನಿಸಿತೇ? ಹೇಳುತ್ತೇನೆ ಕೇಳಿ. ನಮ್ಮ ಮನೆ ಆಕ್ಲೆಂಡಿನ ನ್ಯೂ ಲಿನ್‌ನಲ್ಲಿದೆ. ನನ್ನ ಬೆಳಗಿಗೆ ಒಂದು ಕ್ರಮವಿದೆ. ಐದಕ್ಕೆ ಏಳುವುದು, ರೈಲ್ವೆ ಸ್ಟೇಷನ್ ತನಕ ನಡೆದು ಬರುವುದು, ಕಿಟಕಿ ತೆರೆದು ಪ್ರಾಣಾಯಾಮ, ಆಮೇಲೆ ಕಾಫಿ. ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಕಲಿತ ಕ್ರಮ ಇದು. ಮಂಡ್ಯದಲ್ಲಿ ಮೇಟ್ರನ್ ಆಗಿ ನಿವೃತ್ತಳಾಗಿ ಮಗಳು ಸುಮಾಳ ಮನೆಗೆ ಬಂದ ಮೇಲೂ ತಪ್ಪಿಲ್ಲ. (ದೇಶ ಬದಲಾಯಿತೆಂದು ಶ್ವಾಸಕೋಶ ಬದಲಾಗುತ್ತದೆಯೇ?)

ಈ ಕ್ರಮಕ್ಕೆ ಇರುವ ಒಂದೇ ಶತ್ರು ಪಕ್ಕದ ಮನೆಯ ರೇ.

ರೇ ಅಮೆರಿಕದವರು. ಮೆಕ್ಕೆಜೋಳದ ಸೀಮೆಯಲ್ಲಿ ಹುಟ್ಟಿ, ಅಲ್ಲಿಯ ಕಾಲೇಜಿನಲ್ಲಿ ಓದಿ, ನ್ಯೂಜಿಲೆಂಡಿನ ಜೋನ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ವಯಸ್ಸು ನನಗಿಂತ ಸ್ವಲ್ಪ ಹೆಚ್ಚು. ವಾರದ ಆರು ದಿನ ಅವರಷ್ಟು ಸಭ್ಯರು ಈ ಬೀದಿಯಲ್ಲೇ ಇಲ್ಲ. ಆದರೆ ಅವರ ಕಾಲೇಜಿನ ಫುಟ್‌ಬಾಲ್ ಸೀಸನ್ ಶುರುವಾಯಿತೆಂದರೆ ಭಾನುವಾರದ ಸಭ್ಯತೆ ಮುಗಿಯಿತು. ಅಲ್ಲಿಯ ಶನಿವಾರ ಮಧ್ಯಾಹ್ನ ನಮಗೆ ಭಾನುವಾರ ಬೆಳಗು. ನಾನು ಉಸಿರು ಹಿಡಿದಾಗಲೇ ಅವರು ಉಸಿರು ಬಿಡುವುದು. ಅದೂ ಎಂಥ ಉಸಿರು!

(ಆಟದ ಹೆಸರು ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ಚೆಂಡು ಕೋಳಿಮೊಟ್ಟೆಯ ಹಾಗೆ. ಅದನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್. "ಹೆಲ್ಮೆಟ್ ಹಾಕ್ಕೊಂಡು ರಗ್ಬಿ ಆಡೋ ಪುಕ್ಕಲರು" ಎಂದು ಎದುರುಮನೆಯ ಸ್ಟೀವ್ ದಿನಾ ಅವರನ್ನು ರೇಗಿಸುತ್ತಾನೆ.)

ಮೊದಲ ವರ್ಷ ದೂರು ಹೇಳಲು ಹೋದೆ. ರೇ ಬಾಗಿಲು ತೆರೆದರು. ಮೈಮೇಲೆ ಕಾಲೇಜು ತಂಡದ, ತೇಪೆ ಹಾಕಿದ ಹಳೆಯ ಬನಿಯನ್ನು. ಕಣ್ಣು ನನ್ನ ಮೇಲಿಲ್ಲ, ಹಿಂದಿರುವ ಟಿವಿಯ ಮೇಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಟಚ್‌ಡೌನ್. ತಿರುಗಿ ಕೈಯೆತ್ತಿ ನನ್ನನ್ನು ತಡೆದರು.

"ಅಲ್ಲಾಡಬೇಡಿ! ನೀವು ಅಲ್ಲಿ ನಿಂತ ಮೇಲೇ ಇದಾಗಿದ್ದು. ಮ್ಯಾಚ್ ಮುಗಿಯೋ ತನಕ ಅಲ್ಲೇ ನಿಂತಿರಿ!"

(ರೇ ಮಾತಾಡುವುದು ಇಂಗ್ಲಿಷು. ನಾನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಆಸ್ಪತ್ರೆಯಲ್ಲಿ ಸರ್ಜನ್ನರನ್ನೇ ನಿಲ್ಲಿಸಿದ ನಾನು ಆ ಕಾಲೊರಸಿನ ಮೇಲೆ ನಿಂತೇ ಇದ್ದೆ. ಜೋನ್ ಬಂದರು. "ಸಾರಿ, ಅವರು ಹೀಗೇ" ಎಂದು ಅಲ್ಲಿಗೇ ಟೀ ತಂದುಕೊಟ್ಟರು. ಪಂದ್ಯ ಗೆದ್ದರು. ನನ್ನ ದೂರು ನನ್ನಲ್ಲೇ ಉಳಿಯಿತು. ಅವತ್ತಿನಿಂದ ಸೋಲುವ ಲಕ್ಷಣ ಕಂಡಾಗಲೆಲ್ಲ ನನಗೆ ಫೋನು. "ಮೇಟ್ರನ್, ಐದು ನಿಮಿಷ ಬಂದು ನಿಲ್ತೀರಾ?"

ಹೀಗೆ ನಿಂತೂ ನಿಂತೂ ಅವರ ಭಾನುವಾರದ ಕ್ರಮವನ್ನು ನಾನು ಕಲಿತೆ. ಕ್ರಮ ಅಂದರೆ ನನ್ನದಕ್ಕಿಂತ ಕಟ್ಟುನಿಟ್ಟು. ಅದೇ ಬನಿಯನ್ನು, ಅದೇ ಕುರ್ಚಿ. ಟಿವಿಯ ಧ್ವನಿ ಬಂದ್. ಮಾತು ತಮ್ಮೂರಿನ ರೇಡಿಯೊ ಕಾಮೆಂಟರಿಯದೇ ಆಗಬೇಕು. ಟಿವಿಯವರಿಗೆ ಎರಡೂ ತಂಡ ಒಂದೇ ಅಂತೆ, ಅದು ಅವರ ಪ್ರಕಾರ ಮಹಾಪಾಪ. ಎಲ್ಲಕ್ಕಿಂತ ಮುಖ್ಯವಾದದ್ದು ಕುರ್ಚಿಯ ಕೈಮೇಲಿನ ಫೋನು. ಆ ಕಡೆ ರೇಯ ತಮ್ಮ ಡೇಲ್.

ಡೇಲ್ ಊರು ಬಿಡಲೇ ಇಲ್ಲ. ಇಬ್ಬರೂ ಅದೇ ಕಾಲೇಜಿನಲ್ಲಿ ಓದಿದವರು. ಆ ಮೈದಾನದಲ್ಲಿ ಟಚ್‌ಡೌನ್ ಆದಾಗ ಒಂದು ಬದಿಯವರು "ಯಾರ ಮೈದಾನ?" ಎಂದು ಕೂಗಬೇಕು, ಎದುರು ಬದಿಯವರು "ನಮ್ಮ ಮೈದಾನ!" ಎಂದು ಉತ್ತರಿಸಬೇಕು. ಡೇಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದುದರಿಂದ ಅಣ್ಣನ ಎದುರು ಬದಿ. ಪ್ರಶ್ನೆ ರೇಯದು, ಉತ್ತರ ಡೇಲ್‌ನದು. ಅಣ್ಣ ಸಮುದ್ರ ದಾಟಿ ಬಂದ ಮೇಲೆ ಅದೇ ಪ್ರಶ್ನೆ, ಅದೇ ಉತ್ತರ ಫೋನಿನಲ್ಲಿ ನಡೆದುಕೊಂಡು ಬಂತು.

ಇದರಲ್ಲೊಂದು ಸೂಕ್ಷ್ಮವಿದೆ. ಇಂಟರ್ನೆಟ್ಟಿನಲ್ಲಿ ಬರುವ ಚಿತ್ರ ನ್ಯೂ ಲಿನ್‌ಗೆ ಅರ್ಧ ನಿಮಿಷ ತಡವಾಗಿ ತಲುಪುತ್ತದೆ. ಡೇಲ್‌ಗೆ ಟಚ್‌ಡೌನ್ ಕಂಡಾಗ ರೇಗೆ ಇನ್ನೂ ಕಂಡಿರುವುದಿಲ್ಲ. ಡೇಲ್ ಆ ಅರ್ಧ ನಿಮಿಷ ತುಟಿ ಬಿಗಿಹಿಡಿದು ಕೂರಬೇಕು. ಅಣ್ಣ ನೋಡಿ, ಅಣ್ಣ ಕೂಗಿದ ಮೇಲೇ ಅವನ ಉತ್ತರ. ಖುಷಿಯನ್ನು ಹಾಗೆ ಬಾಯಲ್ಲೇ ಇಟ್ಟುಕೊಂಡು ಕೂರುವುದು ಸುಲಭವೇ? ನಮ್ಮ ಮನೆಯಲ್ಲಿ ಎಸ್ಎಸ್ಎಲ್‌ಸಿ ರಿಸಲ್ಟನ್ನು ಅಷ್ಟು ಹೊತ್ತು ಯಾರೂ ಇಟ್ಟುಕೊಂಡಿಲ್ಲ.

ಹಾಗಿದ್ದಾಗ ಆ ಭಾನುವಾರ ಸದ್ದೇ ಇಲ್ಲ. ಪಂದ್ಯವಿದೆ ಎಂದು ನನಗೆ ಗೊತ್ತು. ರೇ ಬಿದ್ದರೇ? ಎದೆನೋವೇ? ಚಪ್ಪಲಿ ಮೆಟ್ಟಿದೆ.

"ಎಲ್ಲಿಗಮ್ಮ ಇಷ್ಟ್ ಹೊತ್ನಲ್ಲಿ?" ಸುಮಾ ಹಾಸಿಗೆಯಿಂದಲೇ ಕೇಳಿದಳು.

"ರೇ ಕಿರುಚ್ತಿಲ್ಲ ಕಣೆ."

"ಕಿರುಚಿದ್ರೂ ಹೋಗ್ತೀಯ, ಕಿರುಚದೇ ಇದ್ರೂ ಹೋಗ್ತೀಯ! ಇಲ್ಲಿ ಹಾಗೆಲ್ಲ ಹೇಳ್ದೆ ಕೇಳ್ದೆ ಹೋಗ್ಬಾರ್ದು."

"ಉಸಿರು ನಿಂತಿದ್ರೆ ಅಪಾಯಿಂಟ್‌ಮೆಂಟ್ ತಗೊಂಡು ಹೋಗ್ಲಾ?"

ಜೋನ್ ಬಾಗಿಲು ತೆರೆದರು. ರೇ ಅಡುಗೆಮನೆಯಲ್ಲಿ ಕೂತಿದ್ದರು. ಟಿವಿ ಆರಿತ್ತು. ಇಸ್ತ್ರಿ ಮಾಡಿದಂತೆ ಮಡಿಸಿದ ಬನಿಯನ್ನು ಮೇಜಿನ ಮೇಲಿತ್ತು.

ಸೀಸನ್ನಿಗೆ ಮುಂಚೆಯೇ ಡೇಲ್‌ಗೆ ಸ್ಟ್ರೋಕ್ ಆಗಿತ್ತು. ನಮಗಾರಿಗೂ ಹೇಳಿರಲಿಲ್ಲ. ರೇ ಹೋಗಿ ನೋಡಿಕೊಂಡು ಬಂದಿದ್ದರು. ಜೀವಕ್ಕೆ ಅಪಾಯವಿಲ್ಲ. ಈಗ ಆರೈಕೆ ಕೇಂದ್ರದಲ್ಲಿದ್ದಾನೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಹೋಗಿದೆ.

"ಮೊದಲನೇ ಮ್ಯಾಚಿಗೆ ಫೋನ್ ಮಾಡಿದೆ" ಎಂದರು ರೇ. "ಹೇಗಿದ್ದೀಯ ಅಂದೆ. ತಿಂಡಿ ತಿಂದ್ಯಾ ಅಂದೆ. ನಾನ್ಯಾರು ಹೇಳು ಅಂದೆ. ಅವನು ಒದ್ದಾಡಿಬಿಟ್ಟ. 'ದ, ದ' ಅಂದು ಅಳೋಕೆ ಶುರು ಮಾಡ್ದ. ಮುಂದಿನ ವಾರವೂ ಅದೇ. ಸಾಕು ಮೇಟ್ರನ್. ಅವನನ್ನ ಹೀಗೆ ನಾಚಿಕೆಪಡಿಸೋದು ಬೇಡ. ಇನ್ಮೇಲೆ ಮ್ಯಾಚಿನ ದಿನ ಫೋನ್ ಮಾಡಲ್ಲ. ಅವನಿಲ್ಲದೆ ನಾನೂ ನೋಡಲ್ಲ."

ನನಗೆ ಸಿಟ್ಟು ಬಂತು. ದುಃಖವಾದಾಗ ನನಗೆ ಬರುವುದು ಸಿಟ್ಟೇ.

"ಇಷ್ಟು ವರ್ಷದಲ್ಲಿ ಮ್ಯಾಚಿನ ದಿನ ಯಾವತ್ತಾದ್ರೂ ತಮ್ಮನನ್ನ ತಿಂಡಿ ತಿಂದ್ಯಾ ಅಂತ ಕೇಳಿದ್ರಾ?"

"ಇಲ್ಲ. ಫೋನ್ ಎತ್ತಿದ ತಕ್ಷಣ ಇಬ್ರೂ ಸೇರಿ ಕೋಚ್‌ಗೆ ಬೈತಿದ್ವಿ."

"ಮತ್ತೆ ಈಗ್ಯಾಕೆ ಕೇಳ್ತೀರಿ?"



ಆಗ ನಮ್ಮ ವಾರ್ಡಿನ ಮೇಷ್ಟ್ರ ಕಥೆ ಹೇಳಿದೆ. ಸ್ಟ್ರೋಕ್ ಆಗಿ ಬಂದವರು. ಹೆಂಡತಿಯ ಹೆಸರು ಬಾಯಿಗೆ ಬಾರದು, ನೀರು ಬೇಕೆಂದು ಕೇಳಲಾಗದು. ಒಂದು ಸಂಜೆ ಪಕ್ಕದ ಹಾಸಿಗೆಯವರ ಮೊಮ್ಮಗಳು ಮಗ್ಗಿ ಹೇಳುತ್ತಾ ಕೂತಿದ್ದಳು. "ಎರಡೊಂದ್ಲ ಎರಡು, ಎರಡೆರಡ್ಲ..." ಎಂದು ನಿಲ್ಲಿಸಿದಳು. ಮೇಷ್ಟ್ರು "ನಾಲ್ಕು" ಅಂದರು! ಹೆಂಡತಿ ಕೈಯಲ್ಲಿದ್ದ ಫ್ಲಾಸ್ಕ್ ಬೀಳಿಸಿದರು. ಡಾಕ್ಟರು ಅವತ್ತೇ ವಿವರಿಸಿದರು. ಹುಡುಕಿ ಆಡುವ ಮಾತು ಬೇರೆ, ಬಾಯಿಪಾಠವಾದ ಮಾತು ಬೇರೆ. ಮೊದಲನೆಯದು ಹೋದರೂ ಕೆಲವರಲ್ಲಿ ಎರಡನೆಯದು ಉಳಿದಿರುತ್ತದೆ.

"ಗ್ಯಾರಂಟಿ ಇಲ್ಲ" ಎಂದೆ. "ಎಲ್ಲರಿಗೂ ಹಾಗಾಗಲ್ಲ. ಆದ್ರೆ ಪರೀಕ್ಷೆ ಮಾಡೋ ಥರ ಪ್ರಶ್ನೆ ಕೇಳ್ಬೇಡಿ. ಸುಮ್ನೆ ಮ್ಯಾಚ್ ನೋಡಿ. ನಿಮ್ಮ ಪಾಲಿನ ಕೂಗು ಕೂಗಿ. ಉಳಿದದ್ದು ಅವನಿಗೆ ಬಿಡಿ."

"ಕೂಗಿ, ಅವನು ಉತ್ತರ ಕೊಡದೇ ಇದ್ರೆ?"

"ಕೊಡದೇ ಇದ್ರೆ, ಅಣ್ಣನ ಜೊತೆ ಮ್ಯಾಚ್ ನೋಡಿದ ಹಾಗಾಯ್ತಲ್ಲ. ಅದೂ ಬೇಡ್ವಾ ಅವನಿಗೆ?"

ಮುಂದಿನ ಭಾನುವಾರ ನಾನು ಕಿಟಕಿ ತೆರೆಯಲಿಲ್ಲ, ಪ್ರಾಣಾಯಾಮವನ್ನೂ ಮಾಡಲಿಲ್ಲ. ನೇರ ರೇ ಮನೆಗೆ ಹೋದೆ. ರೇ ಬನಿಯನ್ನು ತೊಟ್ಟಿದ್ದರು. ಆ ಕಡೆ ಫೋನ್ ಹಿಡಿದವಳು ಅಲ್ಲಿಯ ನರ್ಸ್. ಫಿಲಿಪೀನ್ಸಿನ ಹುಡುಗಿ. ಧ್ವನಿ ಕೇಳಿದರೆ ಸಾಕು, ಕೆಲಸ ಬಲ್ಲವಳು ಎಂದು ತಿಳಿಯುತ್ತಿತ್ತು. ವಿಷಯ ಹೇಳಿದ ತಕ್ಷಣ "ಟ್ರೈ ಮಾಡೋಣ" ಎಂದು ಡೇಲ್ ಎದುರು ಟಿವಿ ಹಾಕಿದಳು.

ರೇ ಹೇಗಿದ್ದೀಯ ಎನ್ನಲಿಲ್ಲ. "ಡೇಲ್, ಈ ಕೋಚ್‌ಗೆ ಬುದ್ಧಿ ಇದೆಯಾ?" ಎಂದು ಶುರು ಮಾಡಿದರು. ಆ ಕಡೆಯಿಂದ ಗಂಟಲಲ್ಲೇ ಒಂದು ಸದ್ದು. ನಗುವಿನ ಸದ್ದು!

ಮೊದಲ ಟಚ್‌ಡೌನ್ ಬಂತು. ರೇ ಕೂಗಿದರು. "ಯಾರ ಮೈದಾನ?"

ಏನೂ ಇಲ್ಲ. ಫೋನಿನಲ್ಲಿ ಬರೀ ಉಸಿರು. ರೇ ಕಣ್ಣು ನನ್ನ ಕಡೆ ತಿರುಗಿತು. ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ಒಳಗೊಳಗೇ ನನಗೂ ಭಯ. ಆಸೆ ಹುಟ್ಟಿಸಿದವಳು ನಾನಲ್ಲವೇ?

ಎರಡನೆಯದು ಬರಲು ಬಹಳ ಹೊತ್ತಾಯಿತು. ಬಂದಾಗ ರೇ ಎದ್ದು ನಿಂತು, ಕತ್ತಿನ ನರ ಉಬ್ಬುವ ಹಾಗೆ ಕೂಗಿದರು. "ಯಾರ ಮೈದಾನ?"

"ನ..." ಎಂದಿತು ಫೋನು. ಮತ್ತೆ "ನ..." ಆಮೇಲೆ ಒಮ್ಮೆಲೇ, ಪೂರ್ತಿಯಾಗಿ, ಮುದುಕನದಲ್ಲ, ಡ್ರಮ್ ಬಾರಿಸುವ ಹುಡುಗನದೆಂಬಂಥ ಧ್ವನಿಯಲ್ಲಿ: "ನಮ್ಮ ಮೈದಾನ!"

ಜೋನ್ ಬಾಯಿ ಮುಚ್ಚಿಕೊಂಡರು. ಆ ನರ್ಸ್ ಹುಡುಗಿ ಕಿರುಚಿದಳು. ರೇ ಕುರ್ಚಿಯಲ್ಲಿ ಕುಸಿದು ಕೂತರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಪಂದ್ಯದ ಕೊನೆಯ ಭಾಗದಲ್ಲಿ ನಮ್ಮ ಟಿವಿಯಲ್ಲಿ ಆಟಗಾರರು ಇನ್ನೂ ಸಾಲಾಗಿ ಬಗ್ಗಿ ನಿಂತಿದ್ದರು. ಚೆಂಡು ಇನ್ನೂ ಕೈಗೆ ಬಂದಿಲ್ಲ. ರೇ ಏನನ್ನೂ ಕೇಳಿಲ್ಲ. ಅಷ್ಟರಲ್ಲೇ ಫೋನಿನಿಂದ, "ನಮ್ಮ ಮೈದಾನ! ನಮ್ಮ ಮೈದಾನ!"

ಅರ್ಧ ನಿಮಿಷ ಬಿಟ್ಟು ನಮಗೂ ಟಚ್‌ಡೌನ್ ಕಂಡಿತು. ಮುಂಚಿತವಾಗಿ ಫಲಿತಾಂಶ ಹೇಳಿದವರ ಜೊತೆ ವಾರಗಟ್ಟಲೆ ಮಾತು ಬಿಡುವ ಮನುಷ್ಯ ರೇ. (ಸ್ಟೀವ್‌ನನ್ನು ಕೇಳಿ.) ಅವರು ಕಣ್ಣೊರೆಸಿಕೊಳ್ಳುತ್ತಾ ಬೈದರು. "ಏ ಕತ್ತೆ! ಮ್ಯಾಚೆಲ್ಲ ಹಾಳು ಮಾಡ್ಬಿಟ್ಟೆಯಲ್ಲೋ!"

ಆ ಕಡೆಯಿಂದ ಮತ್ತೆ ನಗು.

ಪಂದ್ಯ ಸೋತರು. ಡೇಲ್‌ಗೆ ಮಾತೂ ಮರಳಿ ಬಂದಿಲ್ಲ. ಇದನ್ನು ಸರಿಯಾಗಿ ಹೇಳಬೇಕು, ಪವಾಡವೆಂದು ಯಾರೂ ತಿಳಿಯಬಾರದು. ಈಗಲೂ ನೀರು ಕೇಳಲಾರ. ಆದರೆ ಮ್ಯಾಚಿನ ದಿನ ಬೆಳಿಗ್ಗೆಯೇ ಟಿವಿಯ ಕಡೆ ಬೆರಳು ತೋರಿಸುತ್ತಾನಂತೆ. ಆ ನರ್ಸ್ ಜೋನ್‌ಗೆ ತಿಳಿಸಿದಳು. ನಾನು ನೋಡದ ಆ ಹುಡುಗಿಗೆ ನನ್ನ ನಮಸ್ಕಾರ ಸಲ್ಲಬೇಕು.

ಇಡೀ ಜನ್ಮ ಒಂದೇ ತಂಡ, ಅದೇ ಬನಿಯನ್ನು, ಅದೇ ಕೂಗು. ಇದರಿಂದ ಇವರಿಗೇನು ಸಿಗುತ್ತದೆ ಎಂದು ನಾನೇ ಕೇಳಿದ್ದುಂಟು. ಈಗ ಕೇಳುವುದಿಲ್ಲ. ಎಂದೋ ಒಂದು ಶನಿವಾರ ಆ ಅಣ್ಣತಮ್ಮಂದಿರನ್ನು ಎರಡು ಬದಿಗೆ ನಿಲ್ಲಿಸಿ ಕೂಗಿಸಿದ ಆ ಜನಜಂಗುಳಿಗೆ ನಾನು ಋಣಿ. ಅವರಿಗೆ ಗೊತ್ತಿರಲಿಲ್ಲ, ಔಷಧ ತುಂಬಿಡುತ್ತಿದ್ದೇವೆ ಎಂದು. ಗದ್ದಲದ ನೆರೆಮನೆ ಕೊಟ್ಟದ್ದಕ್ಕೂ ದೇವರಿಗೆ ಥ್ಯಾಂಕ್ಸ್ ಹೇಳಿದ್ದೇನೆ. (ಸುಮಾ ನಂಬುತ್ತಿಲ್ಲ.)

ಮೊನ್ನೆ ಮಂಡ್ಯದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಊಟ ಆಯ್ತಾ? ಆಯ್ತು. ಮಂಡಿನೋವು? ಹಾಗೇ ಇದೆ. ಇಷ್ಟಕ್ಕೇ ಮುಗಿಯಿತು. ಫೋನ್ ಇಟ್ಟು ಯೋಚಿಸುತ್ತಾ ಕೂತೆ. ನಿಮ್ಮನ್ನೂ ಕೇಳುತ್ತೇನೆ.

ನಿಮ್ಮ ಒಡಹುಟ್ಟಿದವರ ಜೊತೆ ಕ್ಷೇಮಸಮಾಚಾರ ಬಿಟ್ಟು ಇನ್ನೇನು ಬಾಯಿಪಾಠವಿದೆ?